ತೊಳೆದ ಮೇಲೂ ಕಾರಿನೊಳಗೆ ವಾಸನೆ, ಮಂಜು, ವಾರ್ನಿಂಗ್ ದೀಪ: ದೋಷ ಹುಡುಕುವ ಕೈಪಿಡಿ

ಕಾರಿನ ಒಳಗೆಲ್ಲ ಶಾಂಪೂ ಹಾಕಿ ಉಜ್ಜಿ ತೊಳೆದಾಯಿತು. ಎರಡು ದಿನ ಘಮಘಮ ಅನ್ನುತ್ತಿತ್ತು. ಮೂರನೇ ದಿನ ಬಾಗಿಲು ತೆಗೆದರೆ ಮತ್ತೆ ಅದೇ ಮುಗ್ಗಲು ವಾಸನೆ. ಕೆಲವರಿಗಂತೂ ತೊಳೆಯುವ ಮುಂಚೆ ಇಲ್ಲದ ತೊಂದರೆಗಳೇ ಹೊಸದಾಗಿ ಶುರುವಾಗುತ್ತವೆ. ಏರ್‌ಬ್ಯಾಗ್ ದೀಪ ಆರುವುದಿಲ್ಲ, ಕಿಟಕಿಯ ಸ್ವಿಚ್ ಕೇಳುವುದಿಲ್ಲ, ಸ್ಕ್ರೀನ್ ಮೇಲೆ ಬಿಳಿ ಮಬ್ಬು ಕೂತಿರುತ್ತದೆ. ಇವೆಲ್ಲ ಬೇರೆ ಬೇರೆ ತೊಂದರೆಗಳಂತೆ ಕಂಡರೂ ಹೆಚ್ಚಿನವುಗಳ ಮೂಲ ಒಂದೇ. ನೀರು ಹೋಗಬಾರದ ಜಾಗಕ್ಕೆ ಹೋಗಿದೆ, ಇಲ್ಲವೇ ಒಳಗೆ ಹೋದ ನೀರು ಇನ್ನೂ ಆರಿಲ್ಲ. ಆದ್ದರಿಂದ ಇನ್ನೊಂದು ಬಾಟಲಿ ಕ್ಲೀನರ್ ತರುವ ಮುಂಚೆ ಒದ್ದೆ ಎಲ್ಲಿದೆ, ಎಲ್ಲಿಂದ ಬರುತ್ತಿದೆ ಅಂತ ನೋಡಿ. ಬಾಟಲಿಯ ಕೆಲಸ ಆಮೇಲಿನದು.

ಕೈ ಹಾಕುವ ಮುಂಚೆ

ಕಾರನ್ನು ಸಮತಟ್ಟಾದ, ಗಾಳಿ ಆಡುವ ಜಾಗದಲ್ಲಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಹಾಕಿ, ಇಗ್ನಿಷನ್ ಪೂರ್ತಿ ಆಫ್ ಮಾಡಿ. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರಾದರೆ ಕೀಯನ್ನು ದೂರ ಇಡಿ. ಒರೆಸುವಾಗ ಗೊತ್ತಿಲ್ಲದೆ ಬಟನ್ ಒತ್ತಿಹೋಗುತ್ತದೆ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳು ಸದ್ದೇ ಮಾಡದೆ ಹೊರಡಲು ಸಿದ್ಧವಾಗಿ ನಿಂತಿರಬಹುದು, ಅದೇ ಅಪಾಯ. ಬಾಗಿಲು ಗಂಟೆಗಟ್ಟಲೆ ತೆರೆದಿಡುವುದಾದರೆ ಒಳಗಿನ ದೀಪಗಳನ್ನು ಆರಿಸಿ. ಕ್ಲೀನಿಂಗ್ ಮುಗಿಸಿ ಸ್ಟಾರ್ಟ್ ಮಾಡಲು ಹೋದಾಗ ಬ್ಯಾಟರಿ ಇಳಿದಿರುವುದು ತುಂಬ ಸಾಮಾನ್ಯ. ಜನ ಅದನ್ನು ನೀರಿನಿಂದ ಆದ ದೋಷ ಅಂದುಕೊಂಡು ಸುಮ್ನೆ ಗಾಬರಿಯಾಗುತ್ತಾರೆ.

ಸ್ಪ್ರೇ ಮಾಡುವುದಿದ್ದರೆ ಬಟ್ಟೆಯ ಮೇಲೆ ಮಾಡಿ, ಕಾರಿನ ಮೇಲೆ ಬೇಡ. ಮುಂದೆ ಹೇಳುವ ಅರ್ಧ ತೊಂದರೆಗಳು ಈ ಒಂದು ಅಭ್ಯಾಸದಿಂದಲೇ ತಪ್ಪುತ್ತವೆ. ಯಾವುದೇ ಕ್ಲೀನರನ್ನು ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಹಚ್ಚಿ ನೋಡಿ. ಆಲ್ಕೋಹಾಲ್ ಇರುವ ದ್ರವ ಬಳಸುವಾಗ ನಾಲ್ಕೂ ಬಾಗಿಲು ತೆರೆದಿರಲಿ, ಹತ್ತಿರ ಬೆಂಕಿ ಇರಬಾರದು, ಸಿಗರೇಟೂ ಬೇಡ. ಅದು ಆರುವ ತನಕ ವ್ಯಾಕ್ಯೂಮ್ ಕೂಡ ಹಾಕಬೇಡಿ.

ಮುಗ್ಗಲು ವಾಸನೆ

ವಾಸನೆ ಯಾವಾಗ ಬರುತ್ತದೆ ಅನ್ನುವುದೇ ದೊಡ್ಡ ಸುಳಿವು. ಇದಕ್ಕೆ ಯಾವ ಉಪಕರಣವೂ ಬೇಡ, ಮೂಗು ಸಾಕು. ರಾತ್ರಿಯೆಲ್ಲ ಮುಚ್ಚಿಟ್ಟ ಕಾರಿನ ಬಾಗಿಲನ್ನು ಬೆಳಿಗ್ಗೆ ತೆಗೆದ ಕೂಡಲೇ ವಾಸನೆ ನೋಡಿ. ಆಮೇಲೆ ಕೂತು ಬ್ಲೋವರ್ ಹಾಕಿ ಇನ್ನೊಮ್ಮೆ ನೋಡಿ. ಈ ಎರಡನ್ನೂ ಒಟ್ಟಿಗೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ.

ಬಾಗಿಲು ತೆಗೆದಾಗ ಏನೂ ಇಲ್ಲ, ಎಸಿ ಹಾಕಿದ ಮೊದಲ ನಿಮಿಷ ಮಾತ್ರ ಹುಳಿ ಅಥವಾ ಒದ್ದೆ ಬಟ್ಟೆಯ ವಾಸನೆ ಬಂದು ಹೋಗುತ್ತದೆ ಅಂದರೆ ತೊಂದರೆ ಇರುವುದು ಎಸಿಯಲ್ಲಿ. ಸೀಟು ಎಷ್ಟು ತೊಳೆದರೂ ಪ್ರಯೋಜನ ಇಲ್ಲ. ಡ್ಯಾಶ್‌ಬೋರ್ಡಿನ ಒಳಗಿರುವ ಕೂಲಿಂಗ್ ಕಾಯಿಲ್ ಮೇಲೆ ಗಾಳಿಯ ತೇವ ನೀರಾಗಿ ಇಳಿಯುತ್ತದೆ. ಅಲ್ಲಿ ಕತ್ತಲೆ, ತೇವ, ಧೂಳು ಮೂರೂ ಇರುತ್ತವೆ. ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯಲು ಇನ್ನೇನು ಬೇಕು? ಮೊದಲು ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಹೆಚ್ಚಿನ ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ಎಲೆ ಚೂರು, ಕಪ್ಪು ಧೂಳು, ಒದ್ದೆ ಕಂಡರೆ ಬದಲಾಯಿಸಿ. ತೊಳೆದು ಮತ್ತೆ ಹಾಕಬೇಡಿ, ಕಾಗದದಂಥ ಫಿಲ್ಟರ್ ತೊಳೆದರೆ ಹಾಳಾಗುತ್ತದೆ. ಹೊಸದರ ಅಂಚಿನಲ್ಲಿ ಬಾಣದ ಗುರುತು ಇರುತ್ತದೆ, ಅದು ಗಾಳಿ ಹರಿಯುವ ದಿಕ್ಕು. ಉಲ್ಟಾ ಕೂರಿಸಬೇಡಿ.

ಫಿಲ್ಟರ್ ಬದಲಾಯಿಸಿದರೂ ವಾಸನೆ ಹೋಗಲಿಲ್ಲ ಅಂದರೆ ಕಾಯಿಲ್ ಸ್ವಚ್ಛ ಮಾಡುವ ಫೋಮ್ ಬೇಕಾಗಬಹುದು. ಆದರೆ ಫೋಮ್ ಬಿಡುವ ಮುಂಚೆ ಎಸಿ ನೀರು ಹೊರಗೆ ಹೋಗುತ್ತಿದೆಯೇ ಅಂತ ಖಚಿತ ಮಾಡಿಕೊಳ್ಳಿ. ಸೆಕೆ ಇರುವ ದಿನ 10–15 ನಿಮಿಷ ಎಸಿ ಓಡಿಸಿ ಕಾರಿನ ಕೆಳಗೆ ನೋಡಿ. ಮುಂಭಾಗದಲ್ಲಿ ಶುದ್ಧ ನೀರು ತೊಟ್ಟಿಕ್ಕಬೇಕು. ತೊಟ್ಟಿಕ್ಕುತ್ತಿಲ್ಲ, ಜೊತೆಗೆ ಮುಂದಿನ ಸೀಟಿನ ಕಾಲಿಡುವ ಜಾಗ ಒದ್ದೆ ಅಂದರೆ ಎಸಿ ನೀರಿನ ಕೊಳವೆ ಕಟ್ಟಿಕೊಂಡಿದೆ. ಆಗ ಫೋಮ್ ಬಿಟ್ಟರೆ ಅದೂ ಕಾರ್ಪೆಟ್ಟಿಗೇ ಇಳಿಯುತ್ತದೆ. ಕೊಳವೆಯ ಹೊರಗಿನ ಬಾಯಲ್ಲಿರುವ ಕೆಸರನ್ನು ಮೆತ್ತಗೆ ತೆಗೆಯಿರಿ. ಕಬ್ಬಿಣದ ಸರಳು ಹಾಕಿ ಒಳಗೆ ಕೆದಕಬೇಡಿ, ಕಾಯಿಲ್ ತೂತಾದರೆ ಗ್ಯಾಸೂ ಹೋಗುತ್ತದೆ, ದುಡ್ಡೂ ಹೋಗುತ್ತದೆ.

ಎಸಿ ವಾಸನೆ ಮರಳಿ ಬರದಂತೆ ಮಾಡಲು ಸುಲಭವಾದ ಅಭ್ಯಾಸ ಒಂದಿದೆ. ಊರು ಮುಟ್ಟುವ ಕೆಲವು ನಿಮಿಷ ಮುಂಚೆ ಎಸಿ ಬಟನ್ ಆರಿಸಿ, ಬ್ಲೋವರ್ ಮಾತ್ರ ಓಡಲು ಬಿಡಿ. ಹೊರಗಿನ ಗಾಳಿ ಒಳಬರುವ ಸ್ಥಾನದಲ್ಲಿರಲಿ. ಕಾಯಿಲ್ ಆರುತ್ತದೆ. ಸುಗಂಧದ ಡಬ್ಬಿಗಿಂತ ಇದು ಎಷ್ಟೋ ಮೇಲು.

ಬಾಗಿಲು ತೆಗೆದ ಕೂಡಲೇ ವಾಸನೆ ಹೊಡೆಯುತ್ತದೆ, ಎಸಿ ಹಾಕಿದರೂ ಆರಿಸಿದರೂ ಒಂದೇ ಅನ್ನುವುದಾದರೆ ಕಾರ್ಪೆಟ್ ಕಡೆ ಬನ್ನಿ.

ಕಾರ್ಪೆಟ್ ಒಳಗಿನ ನೀರು

ಮೇಲೆ ಕೈಯಾಡಿಸಿ ಆರಿದೆ ಅಂದುಕೊಳ್ಳಬೇಡಿ. ಕಾರ್ಪೆಟ್ಟಿನ ಕೆಳಗೆ ದಪ್ಪ ಫೋಮ್ ಇರುತ್ತದೆ. ಮೇಲಿನ ನೂಲು ಒಂದೇ ದಿನದಲ್ಲಿ ಆರಿದರೂ ಫೋಮ್ ವಾರಗಟ್ಟಲೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಮ್ಯಾಟ್ ತೆಗೆಯಿರಿ. ನಾಲ್ಕು ಮಡಿಕೆ ಮಾಡಿದ ಬಿಳಿ ಟಿಶ್ಯೂ ಇಟ್ಟು ಹಿಮ್ಮಡಿಯಿಂದ ಜೋರಾಗಿ ಒತ್ತಿ ನಿಲ್ಲಿ. ನಾಲ್ಕೂ ಕಾಲಿಡುವ ಜಾಗಗಳಲ್ಲಿ, ಸೀಟಿನ ಕೆಳಗೆ, ಡಿಕ್ಕಿಯ ಸ್ಟೆಪ್ನಿ ಗುಂಡಿಯಲ್ಲಿ ಹೀಗೆ ಮಾಡಿ. ಟಿಶ್ಯೂ ಒದ್ದೆಯಾದ ಜಾಗ ಮಾತ್ರವಲ್ಲ, ಅದರ ಬಣ್ಣ ಮತ್ತು ವಾಸನೆಯೂ ಮುಖ್ಯ.

ಬಣ್ಣವಿಲ್ಲದ ನೀರಾದರೆ ಶಾಂಪೂ ನೀರು, ಎಸಿ ನೀರು ಅಥವಾ ಮಳೆ ನೀರು. ಶಾಂಪೂ ಹಾಕಿ ಒಂದು ವಾರವೂ ಆಗಿಲ್ಲ, ಎಲ್ಲ ಕಡೆ ಸಮವಾಗಿ ಒದ್ದೆ ಇದೆ ಅಂದರೆ ಅದು ತೊಳೆದ ನೀರೇ. ಒಂದೇ ಮೂಲೆಯಲ್ಲಿ ಜಾಸ್ತಿ ಇದ್ದರೆ ಸೋರಿಕೆ. ಟಿಶ್ಯೂ ಜಾರುವಂತಿದ್ದು, ಹಸಿರು ಅಥವಾ ಗುಲಾಬಿ ಬಣ್ಣ, ಸಿಹಿ ವಾಸನೆ ಇದ್ದರೆ ತೊಳೆಯುವ ಕೆಲಸವನ್ನೇ ನಿಲ್ಲಿಸಿ. ಅದು ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ. ಡ್ಯಾಶ್‌ಬೋರ್ಡಿನೊಳಗೆ ಗಾಳಿ ಬಿಸಿ ಮಾಡುವ ಹೀಟರ್ ಕೋರಿನಿಂದ ಸೋರುತ್ತಿದೆ. ಜೊತೆಗೆ ಮುಂದಿನ ಗಾಜಿನ ಒಳಗೆ ಒರೆಸಿದಷ್ಟೂ ಎಣ್ಣೆಯಂಥ ಪೊರೆ ಬರುತ್ತದೆ, ಬಾನೆಟ್ ಕೆಳಗಿನ ಕೂಲಂಟ್ ಡಬ್ಬಿಯ ಮಟ್ಟವೂ ಇಳಿದಿರುತ್ತದೆ. ಎಂಜಿನ್ ಬಿಸಿ ಇರುವಾಗ ಆ ಡಬ್ಬಿಯ ಮುಚ್ಚಳ ತೆಗೆಯಬೇಡಿ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ಸಿಹಿ ಅಂತ ನಾಯಿ, ಬೆಕ್ಕು ನೆಕ್ಕುತ್ತವೆ, ಮಕ್ಕಳನ್ನೂ ದೂರ ಇಡಿ. ಇದು ಮೆಕ್ಯಾನಿಕ್ ಕೆಲಸ, ಹಾಗೇ ಓಡಿಸಿದರೆ ಎಂಜಿನ್ ಕಾಯ್ದು ಹಾಳಾಗುತ್ತದೆ.

ಮಳೆ ನೀರಿನ ಸೋರಿಕೆ ಹುಡುಕುವುದು ತಾಳ್ಮೆಯ ಕೆಲಸ. ಇಬ್ಬರು ಬೇಕು. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ, ಇನ್ನೊಬ್ಬರು ಹೊರಗೆ ಪೈಪಿನಿಂದ ಮೆಲ್ಲಗೆ ನೀರು ಬಿಡಲಿ. ಪ್ರೆಶರ್ ವಾಶರ್ ಬೇಡ, ಅದು ಸರಿಯಿರುವ ಬೀಡಿಂಗ್ (ಬಾಗಿಲಿನ ಅಂಚಿನ ರಬ್ಬರ್ ಪಟ್ಟಿ) ಒಳಗೂ ನೀರು ತೂರಿಸಿ ದಾರಿ ತಪ್ಪಿಸುತ್ತದೆ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಿ, ಒಂದೊಂದು ಜಾಗದಲ್ಲಿ ಕೆಲವು ನಿಮಿಷ ನಿಲ್ಲಿ. ಮೇಲಿನಿಂದ ಶುರು ಮಾಡಿದರೆ ನೀರು ಇಡೀ ಕಾರಿನ ಮೇಲೆ ಹರಿಯುತ್ತದೆ, ಯಾವ ಸಂದಿಯಿಂದ ಒಳಬಂತು ಅಂತ ಹೇಳಲಾಗದು.

ಹೆಚ್ಚಾಗಿ ಸಿಕ್ಕಿಬೀಳುವ ಜಾಗಗಳು ಕೆಲವೇ. ವೈಪರ್ ಕೆಳಗಿನ ಪ್ಲಾಸ್ಟಿಕ್ ಪಟ್ಟಿಯ ಅಡಿ ಒಣ ಎಲೆ ತುಂಬಿ, ನೀರು ಇಳಿದುಹೋಗುವ ದಾರಿ ಮುಚ್ಚಿರುತ್ತದೆ. ಆಗ ನೀರು ಬ್ಲೋವರ್ ದಾರಿಯಲ್ಲೇ ಒಳಬರುತ್ತದೆ. ಸನ್‌ರೂಫ್ ಇದ್ದರೆ ಅದರ ಮೂಲೆಗಳಲ್ಲಿ ನೀರಿಳಿಯುವ ಸಣ್ಣ ಕೊಳವೆಗಳಿವೆ. ಅಲ್ಲಿ ಅರ್ಧ ಲೋಟ ನೀರು ಹುಯ್ಯಿರಿ. ಕೆಳಗೆ ಚಕ್ರದ ಹತ್ತಿರ ಎಲ್ಲೋ ಇಳಿಯಬೇಕು. ನಿಂತೇ ಇದ್ದರೆ ಕೊಳವೆ ಕಟ್ಟಿದೆ. ಜೋರಾದ ಕಂಪ್ರೆಸರ್ ಗಾಳಿ ಹೊಡೆಯಬೇಡಿ, ಮೇಲ್ಛಾವಣಿಯೊಳಗೆ ಕೊಳವೆ ಕಳಚಿಕೊಂಡರೆ ಸಣ್ಣ ಕೆಲಸ ದೊಡ್ಡದಾಗುತ್ತದೆ. ಇನ್ನೊಂದು ಜಾಗ ಅಂದರೆ ಬಾಗಿಲು. ಬಾಗಿಲಿನ ಒಳಗೆ ನೀರು ಹೋಗುವುದು ಸಹಜವೇ, ಅದು ಕೆಳಗಿನ ತೂತುಗಳಿಂದ ಹೊರಗೆ ಹೋಗಬೇಕು. ಆ ತೂತು ಮುಚ್ಚಿದರೆ, ಅಥವಾ ಸ್ಪೀಕರ್ ಹಾಕಿಸುವಾಗ ಒಳಗಿನ ಪ್ಲಾಸ್ಟಿಕ್ ಹಾಳೆ ಹರಿದಿದ್ದರೆ ನೀರು ಕಾರ್ಪೆಟ್ಟಿಗೆ ಬರುತ್ತದೆ. ಸ್ಟೆಪ್ನಿ ಗುಂಡಿಯಲ್ಲಿ ಮಾತ್ರ ನೀರಿದ್ದರೆ ಡಿಕ್ಕಿಯ ಬೀಡಿಂಗ್ ಮತ್ತು ಹಿಂದಿನ ದೀಪದ ರಬ್ಬರ್ ನೋಡಿ.

ಸೋರಿಕೆ ನಿಂತ ಮೇಲೆ ಒಣಗಿಸಿ, ಮುಂಚೆ ಅಲ್ಲ. ನೀರು ಎಳೆಯಲು ಒದ್ದೆಗೂ ಒಣಕ್ಕೂ ಆಗುವ ವ್ಯಾಕ್ಯೂಮ್ ಮಾತ್ರ ಬಳಸಿ. ಕಸ ಗುಡಿಸುವ ಮಾಮೂಲಿ ವ್ಯಾಕ್ಯೂಮಿನಿಂದ ನೀರು ಎಳೆದರೆ ಕರೆಂಟ್ ಹೊಡೆಯಬಹುದು. ಎಕ್ಸ್‌ಟೆನ್ಶನ್ ಬೋರ್ಡ್ ಒದ್ದೆ ನೆಲದ ಮೇಲೆ ಇರಬಾರದು. ಆಮೇಲೆ ಕಾರ್ಪೆಟ್ಟಿನ ಅಂಚು ಸ್ವಲ್ಪ ಎತ್ತಿ, ಕೆಳಗೆ ಗಾಳಿ ಹೋಗುವಂತೆ ಫ್ಯಾನ್ ಇಡಿ. ಎತ್ತುವಾಗ ಎಳೆದಾಡಬೇಡಿ, ಅದರಡಿ ವೈರುಗಳ ಕಟ್ಟು ಇರುತ್ತದೆ. ಬಟ್ಟೆ, ಫೋಮ್ ಒದ್ದೆಯಾದ 24ರಿಂದ 48 ಗಂಟೆಯೊಳಗೆ ಆರದಿದ್ದರೆ ಬೂಷ್ಟು ಹಿಡಿಯುವ ಸಾಧ್ಯತೆ ಜಾಸ್ತಿ. ಅಂದರೆ ಮೋಡ ಕವಿದ ದಿನ ಸಂಜೆ ಸೀಟಿಗೆಲ್ಲ ಶಾಂಪೂ ಹಾಕಿ ಕಾರು ಮುಚ್ಚಿಡುವುದು ಒಳ್ಳೆಯದಲ್ಲ.

ಹಾಲು ಚೆಲ್ಲಿದ್ದರೆ ಕಥೆ ಬೇರೆ. ಒಣಗಿದರೂ ವಾಸನೆ ಹೋಗುವುದಿಲ್ಲ, ಬಿಸಿಲೇರಿದಷ್ಟೂ ಏರುತ್ತದೆ. ಬಿಸಿ ನೀರು ಹಾಕಬೇಡಿ, ಹಾಲಿನ ಪ್ರೋಟೀನ್ ನೂಲಿಗೆ ಗಟ್ಟಿಯಾಗಿ ಅಂಟುತ್ತದೆ. ತಣ್ಣೀರಿನಲ್ಲಿ ಒತ್ತಿ ತೆಗೆದು, ಎನ್‌ಜೈಮ್ ಇರುವ ಕ್ಲೀನರ್ ಹಾಕಿ ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಡಿ. ಫೋಮಿನವರೆಗೆ ಇಳಿದಿದ್ದರೆ ಆ ತುಂಡು ಬದಲಾಯಿಸುವುದೇ ದಾರಿ. ಓಜೋನ್ ಯಂತ್ರ ಇಟ್ಟು ವಾಸನೆ ತೆಗೆಯುತ್ತೇವೆ ಅನ್ನುವವರು ಇದ್ದಾರೆ. ಓಜೋನ್ ಶ್ವಾಸಕೋಶಕ್ಕೆ ಕೆಟ್ಟದ್ದು, ರಬ್ಬರನ್ನೂ ತಿನ್ನುತ್ತದೆ. ಒದ್ದೆ ಹಾಗೇ ಉಳಿದರೆ ವಾಸನೆ ಮತ್ತೆ ಬರುತ್ತದೆ, ಅಲ್ವಾ?

ಗಾಜಿಗೆ ಮಂಜು

ಕಾರು ನಿಂತಾಗ ಬೆಳಿಗ್ಗೆ ಗಾಜಿನ ಒಳಭಾಗದಲ್ಲಿ ಹನಿ ಕೂತಿದ್ದರೆ ಕಾರಿನೊಳಗೆ ನೀರಿದೆ, ಕಾರ್ಪೆಟ್ ಒಳಗಿನ ನೀರಿನ ಬಗ್ಗೆ ಮೇಲೆ ಹೇಳಿದ್ದಕ್ಕೆ ವಾಪಸ್ ಹೋಗಿ. ಓಡಿಸುವಾಗ ಮಾತ್ರ ಮಂಜು ಕಟ್ಟಿದರೆ ಗಾಳಿ ಒಳಗೇ ಸುತ್ತುವ ಬಟನ್ ಒತ್ತಿಹೋಗಿದೆಯೇ ನೋಡಿ. ಅದನ್ನು ತೆಗೆದು ಎಸಿ ಹಾಕಿದರೆ ಸಾಕು. ಚಳಿಯಲ್ಲೂ ಎಸಿ ಹಾಕಬಹುದು, ಅದು ಗಾಳಿಯ ತೇವ ತೆಗೆಯುತ್ತದೆ.

ಒರೆಸಿದ ಮೇಲೂ ರಾತ್ರಿ ಎದುರಿನ ದೀಪಕ್ಕೆ ಮಬ್ಬು ಕಂಡರೆ ಅದು ಪೊರೆ. ಬಿಸಿಲಿಗೆ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್‌ನಿಂದ ಹೊರಬರುವ ಆವಿ ಗಾಜಿನ ಮೇಲೆ ಕೂರುತ್ತದೆ. ಹೊಳಪಿಗೆ ಹಚ್ಚಿದ ಪಾಲಿಶ್ ಇದನ್ನು ಹೆಚ್ಚಿಸುತ್ತದೆ. ಎರಡು ಮೈಕ್ರೋಫೈಬರ್ ಬಟ್ಟೆ ತೆಗೆದುಕೊಳ್ಳಿ, ಒಂದು ತೇವ, ಇನ್ನೊಂದು ಪೂರ್ತಿ ಒಣ. ಟಿಂಟ್ ಫಿಲ್ಮ್ ಇದ್ದರೆ ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಬೇಡ. ಹಿಂದಿನ ಗಾಜಿನ ಕಂದು ಗೆರೆಗಳು ಡಿಫಾಗರ್ ತಂತಿಗಳು, ಗಾಜು ಬಿಸಿ ಮಾಡಿ ಮಂಜು ತೆಗೆಯುವಂಥವು. ಗೆರೆ ಹೋದ ದಿಕ್ಕಿನಲ್ಲೇ ಒರೆಸಿ, ಬ್ಲೇಡಿನಿಂದ ಕೆರೆಯಬೇಡಿ. ತೊಳೆದ ಮೇಲೆ ಡಿಫಾಗರ್ ಹಾಕಿದಾಗ ಒಂದೇ ಪಟ್ಟಿಯಲ್ಲಿ ಮಂಜು ಉಳಿದರೆ ಆ ಗೆರೆ ತುಂಡಾಗಿದೆ.

ಏರ್‌ಬ್ಯಾಗ್ ದೀಪ, ಬೆಲ್ಟಿನ ಬೀಪ್, ಕೇಳದ ಸ್ವಿಚ್

ಇಲ್ಲಿ ಸ್ವಲ್ಪ ಕಟ್ಟುನಿಟ್ಟಾಗಿ ಹೇಳಬೇಕಾಗುತ್ತದೆ. ಇಗ್ನಿಷನ್ ಹಾಕಿದಾಗ ಏರ್‌ಬ್ಯಾಗ್ ದೀಪ ಉರಿದು ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ಅಪಘಾತದಲ್ಲಿ ಏರ್‌ಬ್ಯಾಗ್ ತೆರೆಯದೇ ಹೋಗಬಹುದು. ಒಳಗೆ ತೊಳೆದ ಮೇಲೆ ಈ ದೀಪ ಬಂದಿದ್ದರೆ ಹೆಚ್ಚಾಗಿ ಕಾರಣ ಮುಂದಿನ ಸೀಟಿನ ಕೆಳಗೆ ಇರುತ್ತದೆ. ಅಲ್ಲಿ ಹಳದಿ ಬಣ್ಣದ ಕನೆಕ್ಟರ್‌ಗಳಿವೆ. ವ್ಯಾಕ್ಯೂಮ್ ಪೈಪ್ ತಾಗಿ ಸಡಿಲವಾಗಿರಬಹುದು, ನೀರು ಹೋಗಿರಬಹುದು, ಸೀಟು ಬಿಚ್ಚಿದವರು ಕನೆಕ್ಟರ್ ತೆಗೆದಿರುವಾಗ ಇಗ್ನಿಷನ್ ಹಾಕಿರಬಹುದು. ಟಾರ್ಚ್ ಬಿಟ್ಟು ನೋಡಿ, ಮುಟ್ಟಬೇಡಿ. ಹಳದಿ ಕನೆಕ್ಟರ್ ಅಂದರೆ ಏರ್‌ಬ್ಯಾಗಿನ ಸರ್ಕ್ಯೂಟ್. ಅದಕ್ಕೆ ಮಲ್ಟಿಮೀಟರ್ ಹಿಡಿದು ಅಳೆಯಲು ಹೋಗಲೇಬಾರದು. ಮೀಟರಿನಿಂದ ಬರುವ ಸಣ್ಣ ಕರೆಂಟಿಗೇ ಏರ್‌ಬ್ಯಾಗ್ ಸಿಡಿಯಬಹುದು. ಕನೆಕ್ಟರ್ ಸರಿ ಮಾಡಿದ ಮೇಲೂ ಎಷ್ಟೋ ಕಾರುಗಳಲ್ಲಿ ಸ್ಕ್ಯಾನರ್ (ದೋಷ ಓದುವ ಯಂತ್ರ) ಹಾಕಿ ದೋಷದ ದಾಖಲೆ ಅಳಿಸುವ ತನಕ ದೀಪ ಆರುವುದಿಲ್ಲ. ವರ್ಕ್‌ಶಾಪಿಗೆ ಹೋಗುವುದೇ ಸರಿ.

ಖಾಲಿ ಸೀಟಿಗೆ ಬೆಲ್ಟ್ ಹಾಕಿ ಅಂತ ಬೀಪ್ ಬರುತ್ತಿದ್ದರೆ ಅಷ್ಟು ಹೆದರಬೇಕಿಲ್ಲ. ಕೂತವರನ್ನು ಗುರುತಿಸುವ ಸೆನ್ಸರ್ ಸೀಟಿನ ಮೆತ್ತೆಯೊಳಗೆ ಇರುತ್ತದೆ, ಮೆತ್ತೆ ನೆನೆದರೆ ಅದಕ್ಕೆ ಗೊಂದಲ. ಪೂರ್ತಿ ಆರಲು ಬಿಡಿ. ಆರಿದ ಮೇಲೂ ಬೀಪ್ ನಿಲ್ಲದಿದ್ದರೆ ತೋರಿಸಿ. ಇನ್ನು ಮುಂದೆ ಮುಂದಿನ ಸೀಟಿಗೆ ನೀರು ಹುಯ್ಯದೆ ನೊರೆಯನ್ನಷ್ಟೇ ಬ್ರಷ್‌ನಲ್ಲಿ ತೆಗೆದು ಉಜ್ಜಿ.

ಕಿಟಕಿ ಸ್ವಿಚ್ ಒದ್ದೆಯಾಗಿದ್ದರೆ ಒತ್ತಿ ಒತ್ತಿ ಪರೀಕ್ಷಿಸಬೇಡಿ. ಇಗ್ನಿಷನ್ ಆಫ್ ಮಾಡಿ, ಬಟ್ಟೆಯಿಂದ ಹೀರಿಸಿ, ಫ್ಯಾನ್ ಗಾಳಿ ಬಿಟ್ಟು ಒಂದು ದಿನ ಕಾಯಿರಿ. ಹೇರ್ ಡ್ರೈಯರ್ ಹಿಡಿಯುವವರು ಬಿಸಿ ಬೇಡ, ತಣ್ಣನೆ ಗಾಳಿ ಬಿಡಿ. ಕಿಟಕಿ ತಾನಾಗಿಯೇ ಏರುತ್ತಾ ಇಳಿಯುತ್ತಾ ಇದ್ದರೆ ಆ ಕಿಟಕಿಯ ಹತ್ತಿರ ಮಕ್ಕಳು ಕೂರಬಾರದು, ಬೇಗ ಸರಿ ಮಾಡಿಸಿ.

ಕೆಲವು ಹೈಬ್ರಿಡ್ ಕಾರುಗಳಲ್ಲಿ ಹಿಂದಿನ ಸೀಟಿನ ಪಕ್ಕ ಜಾಲರಿ ಇರುತ್ತದೆ. ಬ್ಯಾಟರಿ ತಣ್ಣಗಾಗಲು ಗಾಳಿ ಅದರ ಮೂಲಕ ಹೋಗುತ್ತದೆ. ಅಲ್ಲಿ ಸ್ಪ್ರೇ ಬೇಡ, ವ್ಯಾಕ್ಯೂಮಿನಿಂದ ಧೂಳು ತೆಗೆದರೆ ಸಾಕು. ಎಲ್ಲೇ ಕಿತ್ತಳೆ ಬಣ್ಣದ ಕೇಬಲ್ ಕಂಡರೂ ಕೈ ಹಿಂದಕ್ಕೆ ತೆಗೆಯಿರಿ, ಅದು ಹೈ ವೋಲ್ಟೇಜ್.

ಸೀಟಿನ ಮೇಲೆ ಉಂಗುರದಂಥ ಕಲೆ

ಕಲೆ ಹೋಯಿತು, ಅದರ ಸುತ್ತ ದೊಡ್ಡ ಗೆರೆ ಬಂತು. ನೀರಿನಲ್ಲಿ ಕರಗಿದ ಕೊಳೆ, ಸೋಪು ಆರುವಾಗ ಅಂಚಿಗೆ ಸರಿದು ಅಲ್ಲೇ ಉಳಿಯುತ್ತವೆ. ಆ ಗೆರೆಯನ್ನಷ್ಟೇ ಉಜ್ಜಿದರೆ ಇನ್ನೂ ದೊಡ್ಡ ಗೆರೆ ಬರುತ್ತದೆ. ಹೊಲಿಗೆಯಿಂದ ಹೊಲಿಗೆಯವರೆಗೆ ಇಡೀ ಭಾಗವನ್ನು ತೇವದ ಬಟ್ಟೆಯಿಂದ ಸಮವಾಗಿ ಒರೆಸಿ, ಒಣ ಬಟ್ಟೆ ಒತ್ತಿ ಹೀರಿಸಿ. ಕೈಗೆ ನೊರೆ ಬರುತ್ತಿದ್ದರೆ ಹಿಂದಿನ ಸೋಪೇ ಉಳಿದಿದೆ. ಆ ಸೋಪು ಧೂಳು ಹಿಡಿಯುತ್ತದೆ, ಅದಕ್ಕೇ ಸೀಟು ಬೇಗ ಕೊಳೆಯಾಗುವುದು.

ಜಿಗುಟು, ಮಬ್ಬು, ನಿಧಾನವಾದ ಬೆಲ್ಟ್

ಸ್ಟಿಯರಿಂಗ್ ಜಿಗುಟಾಗಿದ್ದರೆ ಬಿಳಿ ಬಟ್ಟೆಯನ್ನು ಮೆತ್ತನೆಯ ಸೋಪಿನ ನೀರಿನಲ್ಲಿ ಅದ್ದಿ, ಹಿಂಡಿ, ಒಂದು ಕಡೆ ಒರೆಸಿ. ಬಟ್ಟೆಗೆ ಕಂದು ಕೊಳೆ ಬಂದು ಜಿಗುಟು ಹೋದರೆ ಬೆವರು ಮತ್ತು ಎಣ್ಣೆ, ಅಷ್ಟೇ. ಸ್ಟಿಯರಿಂಗಿನ ಬಣ್ಣವೇ ಬಟ್ಟೆಗೆ ಬಂದರೆ ಮೇಲಿನ ಲೇಪ ಕರಗುತ್ತಿದೆ, ಉಜ್ಜುವುದನ್ನು ನಿಲ್ಲಿಸಿ. ಆಲ್ಕೋಹಾಲ್ ಇರುವ ಸ್ಯಾನಿಟೈಜರ್ ಕೈಯಲ್ಲಿ ಆರುವ ಮುಂಚೆಯೇ ಸ್ಟಿಯರಿಂಗ್ ಹಿಡಿಯುವುದು ಇದಕ್ಕೆ ಒಂದು ಕಾರಣ. ಹೊಳಪಿನ ಪಾಲಿಶನ್ನು ಸ್ಟಿಯರಿಂಗ್, ಪೆಡಲ್, ಗೇರ್ ಹಿಡಿಗೆ ಹಚ್ಚಲೇಬೇಡಿ. ಬ್ರೇಕ್ ಒತ್ತುವಾಗ ಕಾಲು ಜಾರಬಾರದು.

ಸ್ಕ್ರೀನಿನ ಮಬ್ಬು ತೇವದ ಮೈಕ್ರೋಫೈಬರ್ ಬಟ್ಟೆಗೆ ಹೋದರೆ ಸರಿ. ಕಲೆಕಲೆಯಾಗಿ ಉಳಿದರೆ ಪ್ರತಿಬಿಂಬ ತಡೆಯುವ ಲೇಪವೇ ಕಿತ್ತುಬಂದಿದೆ, ಯಾವ ಕ್ಲೀನರಿಗೂ ಅದು ವಾಪಸ್ ಬರುವುದಿಲ್ಲ.

ಸೀಟ್ ಬೆಲ್ಟ್ ಬಿಟ್ಟರೆ ಒಳಗೆ ಸರಿಯುವುದು ನಿಧಾನವಾಗಿದೆಯೇ? ಮೊದಲು ಭುಜದ ಹತ್ತಿರದ ಬಳೆ ನೋಡಿ, ಅಲ್ಲಿ ಕೊಳೆ ಅಂಟಿರುತ್ತದೆ. ಒದ್ದೆ ಬಟ್ಟೆಯಿಂದ ತೆಗೆಯಿರಿ. ಬೆಲ್ಟನ್ನು ಪೂರ್ತಿ ಹೊರಗೆಳೆದು, ಹಿಂದೆ ಹೋಗದಂತೆ ಕ್ಲಿಪ್ ಹಾಕಿ, ಮೆತ್ತನೆಯ ಸೋಪಿನ ನೀರಿನಲ್ಲಿ ಒರೆಸಿ. ಪೂರ್ತಿ ಆರುವ ತನಕ ಕ್ಲಿಪ್ ತೆಗೆಯಬೇಡಿ. ಬ್ಲೀಚ್, ಬಣ್ಣ, ಜೋರಾದ ಕೆಮಿಕಲ್ ತಾಗಿದರೆ ಬೆಲ್ಟಿನ ನೂಲು ಬಲ ಕಳೆದುಕೊಳ್ಳುತ್ತದೆ, ಅದು ಕಣ್ಣಿಗೆ ಕಾಣುವುದೂ ಇಲ್ಲ. ಅಂಚು ಹರಿದಿದ್ದರೆ ತೊಳೆಯುವುದಲ್ಲ, ಬದಲಾಯಿಸಬೇಕು.

ಬೂಷ್ಟು ಹಿಡಿದಿದ್ದರೆ

ಒಣ ಬ್ರಷ್ ಹಾಕಿ ಕೆರೆಯಬೇಡಿ, ಬೂಷ್ಟಿನ ಪುಡಿ ಕಾರೆಲ್ಲ ಹಾರುತ್ತದೆ. ಎನ್95 ಮಾಸ್ಕ್ ಮತ್ತು ಗ್ಲೌಸ್ ಹಾಕಿ, ಕಾರನ್ನು ಬಯಲಿನಲ್ಲಿ ನಿಲ್ಲಿಸಿ, ಸೋಪಿನ ನೀರಿನ ಬಟ್ಟೆಯಿಂದ ಒರೆಸಿ ತೆಗೆಯಿರಿ. ಒರೆಸಿದ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಿ. ಕೆಲವರು ಇಲ್ಲಿ ಬ್ಲೀಚ್ ತರುತ್ತಾರೆ. ಬಟ್ಟೆಯ ಸೀಟಿಗೆ ಅದು ಬೇಡವೇ ಬೇಡ, ಬಣ್ಣ ಹೋಗುತ್ತದೆ. ಬ್ಲೀಚಿಗೆ ಅಮೋನಿಯಾ ಇರುವ ಗ್ಲಾಸ್ ಕ್ಲೀನರಾಗಲಿ, ವಿನೆಗರ್ ಅಥವಾ ಟಾಯ್ಲೆಟ್ ಆಸಿಡ್ ಆಗಲಿ ಸೇರಿದರೆ ವಿಷದ ಗ್ಯಾಸ್ ಏಳುತ್ತದೆ. ಕಾರಿನಷ್ಟು ಸಣ್ಣ ಜಾಗದಲ್ಲಿ ಅದು ಜೀವಕ್ಕೇ ಅಪಾಯ. ಆಸ್ತಮಾ ಇರುವವರು ಈ ಕೆಲಸವನ್ನು ಬೇರೆಯವರಿಗೆ ಬಿಡಲಿ.

ಬೂಷ್ಟು ಮೇಲ್ಛಾವಣಿಗೂ ಹಬ್ಬಿದ್ದರೆ, ಅಥವಾ ಕಾರಿನೊಳಗೆ ನೆರೆ ನೀರು, ಚರಂಡಿ ನೀರು ಸೀಟಿನ ಮಟ್ಟಕ್ಕೆ ಬಂದಿದ್ದರೆ ಈ ಕೈಪಿಡಿ ಸಾಕಾಗುವುದಿಲ್ಲ. ಒಣಗಿದಂತೆ ಕಂಡರೂ ಸ್ಟಾರ್ಟ್ ಮಾಡಬೇಡಿ. ಬ್ಯಾಟರಿ ಸಂಪರ್ಕ ತೆಗೆಸಿ, ಎಳೆದುಕೊಂಡು ವರ್ಕ್‌ಶಾಪಿಗೆ ಕಳಿಸಿ. ಎಲೆಕ್ಟ್ರಿಕ್ ಅಥವಾ ಹೈಬ್ರಿಡ್ ಕಾರಾದರೆ ಹತ್ತಿರವೂ ಹೋಗದೆ ಕಂಪನಿಯ ತುರ್ತು ಸಹಾಯವಾಣಿಗೆ ಫೋನ್ ಮಾಡಿ, ಅವರು ಬರುವ ತನಕ ಕಾರನ್ನು ಮನೆಯ ಗೋಡೆಯಿಂದ, ಬೇರೆ ಗಾಡಿಗಳಿಂದ ದೂರ, ಬಯಲಿನಲ್ಲೇ ಬಿಡಿ.